ದೀಪ ಅಲುಗದಿದ್ದರೆ

ಮೊದಲು ದೀಪ ನೋಡುತ್ತೇನೆ.
ಅಡುಗೆಮನೆಯ ಸೂರಿನಿಂದ ಇಳಿಬಿದ್ದ ಒಂಟಿ ಬಲ್ಬು
ತೂಗುತ್ತಿದ್ದರೆ ನಡುಗಿದ್ದು ಭೂಮಿ.
ತೂಗದಿದ್ದರೆ ನಾನು.

ವಾಲ್ಪರೈಸೊದಲ್ಲಿ ಹುಟ್ಟಿದವರಿಗೆ
ನೆಲವನ್ನು ನಂಬಬಾರದೆಂದು ಯಾರೂ ಕಲಿಸಬೇಕಿಲ್ಲ.
ಮೊಣಕಾಲನ್ನು ಅನುಮಾನಿಸುವುದು
ಅರವತ್ತೇಳರ ಮೇಲೆ ಕಲಿತ ಪಾಠ.

ಮೂವತ್ತೊಂದು ವರ್ಷ ಈ ಗುಡ್ಡಕ್ಕೆ ಟಪಾಲು ಹೊತ್ತೆ.
ಅರ್ಧ ಮನೆಗಳಿಗೆ ನಂಬರಿಲ್ಲ.
‘ಹಳದಿ ತಗಡಿನ ಮನೆ, ಕುಂಟು ನಾಯಿಯ ಮೆಟ್ಟಿಲು’
ಎಂದಷ್ಟೇ ಬರೆದರೂ ತಲುಪಿಸಿದವಳು ನಾನು, ಓರ್ಫೆಲಿನಾ.
ನಾಯಿ ಸತ್ತ ಮೇಲೂ ವಿಳಾಸ ಬದಲಾಗಲಿಲ್ಲ.
ಅದು ಬದುಕಿದ್ದಾಗ, ಅದನ್ನು ಕಂಡರೆ
ಕಾಲಿಗೆ ಬುದ್ಧಿ ಹೇಳುತ್ತಿದ್ದೆ,
ಕಾಲೂ ಕೇಳುತ್ತಿತ್ತು.
ಈಗ ನಿಜವಾಗಿಯೂ ಬುದ್ಧಿ ಹೇಳುತ್ತೇನೆ,
ಮೆಟ್ಟಿಲಿಗೊಮ್ಮೆ, ಹಟಮಾರಿ ಹೇಸರಗತ್ತೆಗೆ ಹೇಳಿದಂತೆ:
ಇದೊಂದು, ತಾಯಿ, ಇದೊಂದೇ, ಆಮೇಲೆ ಕೂರೋಣ.
ಎಡಗಾಲು ಒಪ್ಪುತ್ತದೆ.
ಬಲಗಾಲು ಯೋಚಿಸುತ್ತದೆ.

ನೂರಾ ಹದಿನೆಂಟು ಮೆಟ್ಟಿಲು.
ಮೊದಲು ಎಣಿಸಿರಲೇ ಇಲ್ಲ.

ಮೂವತ್ತೊಂಬತ್ತನೆಯದರ ಕಲ್ಲು ಬಿಸಿಲಿಗೆ ಬೆಚ್ಚಗಿರುತ್ತದೆ.
ಅಲ್ಲಿ ಕೂತರೆ ಎರಡು ಚಾವಣಿಗಳ ಸಂದಿಯಲ್ಲಿ
ಕಡಲು, ಒಂದು ಅಂಚೆಚೀಟಿಯಷ್ಟು.
ಅಷ್ಟು ವರ್ಷ ಅದರ ಪಕ್ಕದಲ್ಲೇ ಓಡಿದ್ದೆ, ಕಂಡಿರಲಿಲ್ಲ.
ಇದೇ ಮುಪ್ಪಿನ ಲಾಭ ಎಂದು ಯಾರಾದರೂ ಅಂದರೆ
ಚೀಲದಲ್ಲಿ ಬಡಿಯುತ್ತೇನೆ.
ನನಗೆ ಚೀಟಿಯಷ್ಟು ಕಡಲು ಬೇಡ,
ಮೊಣಕಾಲು ಬೇಕು.

ಸಿಟ್ಟಿನ ಕಥೆ ಬೇರೆ.
ಮೂಗಿನ ತುದಿಯಲ್ಲೇ ಇರುತ್ತಿತ್ತು, ಗುಡ್ಡಕ್ಕೆಲ್ಲ ಗೊತ್ತು;
ಈಗ ಆ ಜಾಗದಲ್ಲಿ ಕನ್ನಡಕ ಕೂತಿದೆ.
ನಾದಿನಿ ಎಡೆಲ್ಮಿರಾ ನನ್ನ ಮದುವೆಯ ದಿನ ಆಡಿದ ಮಾತನ್ನು
ನಲವತ್ತು ವರ್ಷ ಉಪ್ಪಿನಲ್ಲಿಟ್ಟು ಕಾಪಾಡಿದ್ದೆ.
ಹೋದ ಭಾನುವಾರ ಅವಳು ಬಂದಾಗ ತೆಗೆಯಹೋದರೆ
ಜಾಡಿ ಖಾಲಿ.
ಏನಂದಿದ್ದಳೆಂದೇ ನೆನಪಿಲ್ಲ.
ಅವಳನ್ನೇ ಕೇಳಿದೆ.
ಅವಳಿಗೆ ನೆನಪಿತ್ತು, ಹೇಳಿದಳು.
ರೊಟ್ಟಿಗೆ ಬೆಣ್ಣೆಹಣ್ಣು ಸವರುತ್ತಾ ಇಬ್ಬರೂ ನಕ್ಕೆವು.
ಅವಳು ಸ್ವಲ್ಪ ಹೆಚ್ಚೇ ನಕ್ಕಳು.

ಅಳುವಿಗೆ ಮಾತ್ರ ಗೊತ್ತುಗುರಿಯಿಲ್ಲ.
ಫರ್ಮಿನ್‌ನನ್ನು ಮಣ್ಣಿಗಿಟ್ಟ ದಿನ
ಕಣ್ಣು ಕಾದ ಹಂಚಿನಂತೆ ಒಣಗಿತ್ತು.
ಗಟ್ಟಿಗಿತ್ತಿ ಎಂದರು. ಸುಮ್ಮನಿದ್ದೆ.
ಹನ್ನೊಂದು ವರ್ಷದ ಮೇಲೆ, ಮೊನ್ನೆ,
ಗ್ಯಾಸಿನ ಹುಡುಗ, ಹೊಸಬ,
ಸಿಲಿಂಡರ್ ಇಳಿಸಿ, ಸೊಂಟಕ್ಕೆ ಎರಡೂ ಕೈ ಕೊಟ್ಟು
ಬೆನ್ನು ಹಿಂದಕ್ಕೆ ಬಾಗಿಸಿ
ಉಫ್ ಅಂದ.
ಅಷ್ಟೆ.
ಹಡಗುಕಟ್ಟೆಯಿಂದ ಬಂದವನು ಬಾಗಿಲಲ್ಲಿ ನಿಂತು
ದಿನವೂ ಅನ್ನುತ್ತಿದ್ದ ಅದೇ ಉಫ್.
ಚಿಲ್ಲರೆ ಎಣಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು,
ಕಣ್ಣು ನಿಲ್ಲಲಿಲ್ಲ.
ಹುಡುಗ ಹೆದರಿದ:
‘ಸೆನ್ಯೋರಾ, ರೇಟು ಏರಿಸಿದ್ದು ನಾನಲ್ಲ.’

ತಡವಾಗಿ ಬಂದ ಕಾಗದ ನಾನೆಷ್ಟು ಕಂಡಿಲ್ಲ!
ನೆಂದು, ಮೂರು ಊರು ತಪ್ಪಿ,
ಮುದ್ರೆಯ ಮೇಲೆ ಮುದ್ರೆ ಬಿದ್ದು ಬಂದದ್ದು.
ಬಂದಾಗ ಬಂತು, ಸಹಿ ಹಾಕಿ ತಗೊಳ್ಳಿ
ಎಂದು ಊರಿಗೆಲ್ಲ ಹೇಳುತ್ತಿದ್ದವಳು.
ಹಾಕಿದೆ.

ಗದ್ದದ ಮೇಲೆ ಮೂರು ಕೂದಲು.
ಕೀಳುತ್ತೇನೆ, ಬರುತ್ತವೆ.
ಮೈಯಲ್ಲಿ ಇವಕ್ಕಾದರೂ ಬೆಳೆಯುವ ಉಮೇದಿದೆಯಲ್ಲ ಎಂದು
ಈ ವಾರ ಎರಡನ್ನು ಕಿತ್ತು
ಒಂದನ್ನು ಬಿಟ್ಟಿದ್ದೇನೆ.

ಬೆಳಗಿನ ಜಾವ ಮೂರಕ್ಕೆ ಎಚ್ಚರ.
ಮಂಜಿನಲ್ಲಿ ಹಡಗೊಂದು ಕೂಗುತ್ತದೆ,
ಎಡಗಿವಿಗೆ; ಬಲಗಿವಿ ಇನ್ನೂ ನಿದ್ದೆಯಲ್ಲಿ.
ನೀರು ಕಾಯಿಸಲೆಂದು ಏಳುತ್ತೇನೆ,
ಹೊಸ್ತಿಲ ಬಳಿ ಏನೋ ನಡುಗುತ್ತದೆ.

ದೀಪ ನೋಡುತ್ತೇನೆ.
ಅಲುಗುತ್ತಿಲ್ಲ.
ಸರಿ, ನಾನೇ.

ಭೂಮಿ ನಡುಗಿದಾಗ ಏನು ಮಾಡುತ್ತಿದ್ದೆವೋ ಅದನ್ನೇ ಮಾಡುತ್ತೇನೆ:
ಬಾಗಿಲ ಚೌಕಟ್ಟು ಹಿಡಿದು
ಒಂದರಿಂದ ಎಣಿಸುತ್ತಾ ನಿಲ್ಲುತ್ತೇನೆ.
ಇಪ್ಪತ್ತಮೂರಕ್ಕೆ ನಿಂತಿತು.
ನಿನ್ನೆ ಹತ್ತೊಂಬತ್ತು.

ಕೆಟಲಿಗೆ ನೀರು ಅರ್ಧವೇ ಹಾಕುತ್ತೇನೆ.
ತುಂಬಿದ್ದನ್ನು ಮಣಿಕಟ್ಟು ಎತ್ತುವುದಿಲ್ಲ.